ಅಮ್ಮನ ಕೈ ಎಟುಕುವಷ್ಟು ಎತ್ತರ

ಹೋದ ದಸರಾಕ್ಕೆ ಹಾಸನದ ಮನೆಗೆ ಹೋದಾಗ ಗೊಂಬೆ ಕೂರಿಸುವ ಮೆಟ್ಟಿಲು ಏಳರಿಂದ ಮೂರಕ್ಕೆ ಇಳಿದಿತ್ತು. ಯಾವತ್ತೂ ನನ್ನ ತಲೆಗಿಂತ ಮೇಲೆ ಕೂರುತ್ತಿದ್ದ ಪಟ್ಟದ ಗೊಂಬೆಗಳು ಈ ಸಲ ನನ್ನ ಸೊಂಟದ ಮಟ್ಟದಲ್ಲಿ ನಿಂತಿದ್ದವು. "ಏನಮ್ಮ ಇದು?" ಅಂದೆ. "ಈಗ ಯಾರು ಬರ್ತಾರೆ ನೋಡೋಕೆ? ಮೂರು ಸಾಕು ಬಿಡು" ಅಂದಳು. ನಾನು ನಂಬಿದೆ. ನಂಬಿದ್ದಷ್ಟೇ ಅಲ್ಲ, ಫೋಟೊ ತೆಗೆದು "ಮಿನಿಮಲ್ ಗೊಂಬೆ ಹಬ್ಬ" ಅಂತ ಸ್ಟೇಟಸ್ ಬೇರೆ ಹಾಕಿದೆ. ಎಪ್ಪತ್ತು ಜನ ಲೈಕ್ ಒತ್ತಿದರು.

ಆಯುಧಪೂಜೆಯ ಬೆಳಗ್ಗೆ ಅಮ್ಮ ರೂಮಿನಿಂದ ಕರೆದಳು. "ಬಾರೆ ಇಲ್ಲಿ, ಈ ಹೂವು ಒಂಚೂರು ಮುಡಿಸು." ಮೂವತ್ತೊಂದು ವರ್ಷದಲ್ಲಿ ಅಮ್ಮ ನನ್ನ ಹತ್ತಿರ ಈ ಕೆಲಸ ಹೇಳಿದ್ದು ಇದೇ ಮೊದಲು. ಎಣ್ಣೆ ಹಚ್ಚಿ ನನಗೆ ಜಡೆ ಹಾಕುತ್ತಿದ್ದ ಕೈ ಅದು, ಎಳೆಯುವ ರಭಸಕ್ಕೆ ನನ್ನ ಹುಬ್ಬು ಮೇಲೇರುತ್ತಿತ್ತು. "ನೀನೇ ಮುಡ್ಕೊಳಮ್ಮ, ನಂಗೆ ಸರಿಯಾಗಿ ಬರಲ್ಲ" ಅಂತ ಬಾಗಿಲಲ್ಲಿ ನಿಂತೆ. ಅಮ್ಮ ಕನ್ನಡಿ ಮುಂದೆ ಬಲಗೈ ಎತ್ತಿದಳು. ಕೈ ಕಿವಿಯ ಹತ್ತಿರ ಬಂದು ನಿಂತಿತು. ಅಲ್ಲಿಂದ ಮುಂದೆ ಕೈ ಏರಲಿಲ್ಲ, ಹೆಗಲು ಏರಿತು. ಭುಜ ಕಿವಿಗೆ ತಾಗುವಷ್ಟು ಮೇಲೆ ಬಂತು, ಮೈಯೆಲ್ಲ ಎಡಕ್ಕೆ ವಾಲಿತು, ಎಡಗೈ ಬಂದು ಬಲಮೊಣಕೈಯನ್ನು ಕೆಳಗಿನಿಂದ ತಳ್ಳಿತು. ಆಗಲೂ ಹೂವು ತಲೆಯ ಹಿಂದಕ್ಕೆ ಹೋಗಲಿಲ್ಲ.

"ಯಾವಾಗಿಂದ ಹೀಗಿದೆ?" ಅಂತ ಕೇಳಿದೆ. "ಹೀಗೆ ಅಂದ್ರೆ? ವಯಸ್ಸಾಯ್ತಲ್ಲ ಕಣೆ" ಅಂದಳು. ಅಮ್ಮನಿಗೆ ಅರವತ್ತೆರಡು.

ಆವತ್ತು ನಾನು ಪೂಜೆಗೆ ವಾಹನ ತೊಳೆಯೋದು ಬಿಟ್ಟು ಮನೆಯೆಲ್ಲ ಸುತ್ತಿದೆ. ಅಡುಗೆಮನೆಯ ಮೇಲಿನ ಶೆಲ್ಫ್ ಖಾಲಿ. ಅಲ್ಲಿದ್ದ ಸಾರಿನ ಪುಡಿ, ಹುಣಸೆಹಣ್ಣಿನ ಡಬ್ಬಗಳೆಲ್ಲ ಗ್ಯಾಸ್ ಒಲೆಯ ಪಕ್ಕಕ್ಕೆ ಬಂದು ಕೂತಿವೆ. ನಾಗಂದಿಗೆಯ ಮೇಲಿರುತ್ತಿದ್ದ ದೊಡ್ಡ ಕುಕ್ಕರ್ ನೆಲದ ಮೇಲೆ. ಕ್ಯಾಲೆಂಡರ್ ಹಳೇ ಮೊಳೆಯಿಂದ ಇಳಿದು ಹೊಸ ಮೊಳೆಗೆ ಬಂದಿದೆ. ಬೀರುವಿನಲ್ಲಿ ಹೊಸ ಬ್ಲೌಸುಗಳಿಗೆಲ್ಲ ಮುಂದೆ ಹುಕ್ಕು. ವರ್ಷದ ಹಿಂದೆ ಅಮ್ಮ ಉದ್ದ ಜಡೆ ಕತ್ತರಿಸಿಕೊಂಡು ಹೆಗಲವರೆಗೆ ಕೂದಲು ಬಿಟ್ಟಾಗ ವಿಡಿಯೋ ಕಾಲ್‌ನಲ್ಲಿ "ಸೂಪರ್ ಅಮ್ಮ, ಹತ್ತು ವರ್ಷ ಚಿಕ್ಕೋಳ ಹಾಗೆ ಕಾಣ್ತೀಯ" ಅಂದಿದ್ದೆ. ಹಿತ್ತಲಿನಲ್ಲಿ ಬಟ್ಟೆ ಒಣಗಿಸುವ ತಂತಿ ನನ್ನ ಕುತ್ತಿಗೆಗೆ ಸಿಕ್ಕಿಕೊಳ್ಳುವಷ್ಟು ಕೆಳಗಿತ್ತು. ಅಪ್ಪನನ್ನು ಕೇಳಿದರೆ, "ನಿಮ್ಮಮ್ಮ ಬಟ್ಟೆ ಎಸೆದು ಎಸೆದು ಹಾಕ್ತಿದ್ಲು, ಕೆಳಗೆ ಬೀಳ್ತಿತ್ತು. ಅದಕ್ಕೆ ಇಳಿಸ್ದೆ" ಅಂದರು. ಯಾಕೆ ಎಸೆಯುತ್ತಿದ್ದಳು ಅಂತ ಅವರು ಕೇಳಿರಲಿಲ್ಲ. ಕೇಳದೇ ತಂತಿ ಇಳಿಸಿದ್ದರು. ಅಪ್ಪನ ಪ್ರೀತಿಯ ರೀತಿ ಅದು.

ಹೀಗೆ ಒಂದೆರಡು ವರ್ಷದಲ್ಲಿ ನಮ್ಮ ಮನೆ ಪೂರ್ತಿ ಒಂದೂವರೆ ಅಡಿ ಕೆಳಗಿಳಿದಿತ್ತು. ಯಾರಿಗೂ ಗೊತ್ತಾಗಿರಲಿಲ್ಲ. ನಮ್ಮ ಕೆಲಸದಲ್ಲಿ ಇದಕ್ಕೆ ಒಂದು ಹೆಸರಿದೆ, ಗ್ರೇಸ್‌ಫುಲ್ ಡಿಗ್ರೇಡೇಶನ್. ಒಂದು ಭಾಗ ಕೈಕೊಟ್ಟರೂ ಸಿಸ್ಟಮ್ ಒಂದೇ ಸಲ ಕುಸಿಯುವುದಿಲ್ಲ, ಒಂದೊಂದೇ ಸೌಲಭ್ಯ ಬಿಟ್ಟುಕೊಟ್ಟು ಓಡುತ್ತಾ ಇರುತ್ತದೆ. ಸಾಫ್ಟ್‌ವೇರಿನಲ್ಲಿ ಇದು ಒಳ್ಳೇ ಗುಣ, ಆದರೆ ಜೊತೆಗೆ ಒಂದು ಅಲರ್ಟ್ ಇಡಬೇಕು. ಅಮ್ಮನ ಸಿಸ್ಟಮ್‌ನಲ್ಲಿ ಅಲರ್ಟ್ ಇರಲಿಲ್ಲ. ಇದ್ದರೂ ಅವಳೇ ಮ್ಯೂಟ್ ಮಾಡಿರುತ್ತಿದ್ದಳು ಅನ್ನಿ.

ಈ ಅಂಕಣದಲ್ಲಿ ಸಾಮಾನ್ಯವಾಗಿ ಪಿಜಿ ಊಟ, ಅಪ್ರೈಸಲ್, ಸಿಲ್ಕ್ ಬೋರ್ಡ್ ಅಂತ ಬರೆಯುವವಳು ನಾನು. ಈ ಸಲ ಭುಜದ ಬಗ್ಗೆ ಬರೀತೀನಿ, ಸಹಿಸಿಕೊಳ್ಳಿ. ಕಳೆದ ಎಂಟು ತಿಂಗಳಲ್ಲಿ ನಾನು ಅತಿ ಹೆಚ್ಚು ಓದಿದ್ದು ಅದನ್ನೇ.

ಮೊದಲು ನೀವೊಂದು ಕೆಲಸ ಮಾಡಿ. ಈಗ ಫೋನ್ ನೋಡುತ್ತಾ ಹೇಗೆ ಬೆನ್ನು ಬಗ್ಗಿಸಿ ಕೂತಿದ್ದೀರೋ ಹಾಗೇ ಇರಿ, ಇನ್ನೂ ಸ್ವಲ್ಪ ಗೂನಾಗಿ. ಹಾಗೇ ಒಂದು ಕೈಯನ್ನು ಮುಂದಿನಿಂದ ಮೇಲಕ್ಕೆ ಎತ್ತಿ. ಎಲ್ಲಿ ನಿಲ್ಲುತ್ತೆ ನೋಡಿಕೊಳ್ಳಿ. ಈಗ ಬೆನ್ನು ನೆಟ್ಟಗೆ ಮಾಡಿ, ಎದೆ ತೆರೆದು ಮತ್ತೆ ಎತ್ತಿ. ವ್ಯತ್ಯಾಸ ಗೊತ್ತಾಯ್ತಲ್ವಾ?

ಕೈ ಎತ್ತೋದು ಅಂದರೆ ಬರೀ ಕೈಯ ಕೆಲಸ ಅಲ್ಲ. ಕೈ ಕೆಳಗಿನಿಂದ ಪೂರ್ತಿ ತಲೆಯ ಮೇಲೆ ಹೋಗುವ 180 ಡಿಗ್ರಿಯಲ್ಲಿ ಸುಮಾರು 120 ಡಿಗ್ರಿ ಭುಜದ ಕೀಲಿನಲ್ಲಿ ಆಗುತ್ತೆ, ಉಳಿದ 60 ಡಿಗ್ರಿ ಬೆನ್ನಿನ ಮೇಲಿರುವ ಹಲಗೆಮೂಳೆ ಜಾರಿ ತಿರುಗುವುದರಿಂದ ಆಗುತ್ತೆ. ಬೆನ್ನು ಗೂನಾದರೆ ಆ ಹಲಗೆ ಮುಂದಕ್ಕೆ ವಾಲಿ ಕೂರುತ್ತೆ, ಸರಿಯಾಗಿ ತಿರುಗಲ್ಲ. ವಯಸ್ಸಾದವರ ಮೇಲ್ಬೆನ್ನು ಬಾಗಿದಾಗ ಭುಜಕ್ಕೆ ಏನೂ ಆಗದಿದ್ದರೂ ಕೈ ಪೂರ್ತಿ ಮೇಲೆ ಹೋಗದಿರುವುದಕ್ಕೆ ಇದೂ ಒಂದು ಕಾರಣ. ನೀವು ಈಗಷ್ಟೇ ಅರ್ಧ ನಿಮಿಷ ಆ ವಯಸ್ಸಿಗೆ ಹೋಗಿ ಬಂದಿರಿ.

ಇನ್ನು ಕೀಲಿನ ಕಥೆ. ಸೊಂಟದ ಕೀಲು ಒರಳಿನೊಳಗೆ ಗುಂಡುಕಲ್ಲು ಇದ್ದ ಹಾಗೆ, ಆಳವಾದ ಗುಳಿ, ಗಟ್ಟಿ. ಭುಜ ಹಾಗಲ್ಲ. ಸ್ಕೂಲಿನಲ್ಲಿ ನಿಂಬೆಹಣ್ಣು-ಚಮಚದ ಓಟ ಇರ್ತಿತ್ತಲ್ಲ, ಥೇಟ್ ಅದು. ತೋಳಿನ ಮೂಳೆಯ ದುಂಡು ತಲೆ ನಿಂಬೆಹಣ್ಣು, ಹಲಗೆಮೂಳೆಯ ಚಿಕ್ಕ ತಗ್ಗು ಚಮಚ. ಗುಳಿ ಆಳ ಇಲ್ಲದ್ದರಿಂದಲೇ ಕೈ ಎಲ್ಲಾ ದಿಕ್ಕಿಗೂ ತಿರುಗುತ್ತೆ, ಮೈಯಲ್ಲಿ ಇಷ್ಟು ಸ್ವಾತಂತ್ರ್ಯ ಇರುವ ಕೀಲು ಇನ್ನೊಂದಿಲ್ಲ. ಅದೇ ಕಾರಣಕ್ಕೆ ನಿಂಬೆಹಣ್ಣು ಬೀಳದ ಹಾಗೆ ಯಾರಾದರೂ ಹಿಡಿದಿರಬೇಕು. ಹಿಡಿದಿರುವುದು ನಾಲ್ಕು ಚಿಕ್ಕ ಸ್ನಾಯುಗಳು. ಅವುಗಳ ತುದಿಯ ನಾರುಗಳು ಸೇರಿ ಮೂಳೆಯ ತಲೆಯನ್ನು ಸುತ್ತುವರಿಯುತ್ತವೆ. ಅದೇ ರೊಟೇಟರ್ ಕಫ್. ಕ್ರಿಕೆಟ್ ನೋಡುವವರು ಈ ಹೆಸರು ಕೇಳಿರ್ತೀರಿ.

ಜಿಮ್‌ನಲ್ಲಿ ನಾವು ಉಬ್ಬಿಸಿಕೊಳ್ಳುವ ಹೊರಗಿನ ದೊಡ್ಡ ಸ್ನಾಯು ಡೆಲ್ಟಾಯ್ಡ್. ಅದು ಕೈಯನ್ನು ಮೇಲಕ್ಕೆ ಎಳೆಯುತ್ತೆ, ಆದರೆ ಅದೊಂದೇ ಎಳೆದರೆ ಮೂಳೆಯ ತಲೆಯೂ ಮೇಲಕ್ಕೆ ಜಾರಿ, ಮೇಲಿರುವ ಮೂಳೆಯ ಚಾವಣಿಗೆ ಹತ್ತಿರ ಆಗುತ್ತೆ. ಅದೇ ಹೊತ್ತಿಗೆ ಕಫ್‌ನ ಸ್ನಾಯುಗಳು ತಲೆಯನ್ನು ಚಮಚದ ಒಳಕ್ಕೆ ಒತ್ತಿ ಹಿಡಿಯಬೇಕು. ಹಿಡಿತ ಸಡಿಲ ಆದಾಗ ಮನುಷ್ಯ ಏನು ಮಾಡ್ತಾನೆ? ಇಡೀ ಹೆಗಲನ್ನೇ ಕಿವಿಯ ಕಡೆ ಎತ್ತಿ ಕೆಲಸ ಸಾಗಿಸುತ್ತಾನೆ. ಕನ್ನಡಿ ಮುಂದೆ ಅಮ್ಮ ಮಾಡಿದ್ದು ಅದನ್ನೇ.

ವಯಸ್ಸು ಇಲ್ಲಿ ಏನು ಮಾಡುತ್ತೆ ಅಂದರೆ, ಬೇರೆ ಕಡೆ ಮಾಡುವುದನ್ನೇ ಮಾಡುತ್ತೆ, ಆದರೆ ಇಲ್ಲಿ ಬೇಗ ಬಯಲಾಗುತ್ತೆ. ಮೂವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ ಸುಮಾರು 3ರಿಂದ 8 ಶೇಕಡಾ ಸ್ನಾಯು ಕರಗುತ್ತೆ ಅನ್ನೋದು ವೈದ್ಯಕೀಯದಲ್ಲಿ ಸಾಮಾನ್ಯವಾಗಿ ಹೇಳುವ ಲೆಕ್ಕ. ಅರವತ್ತರ ನಂತರ ವೇಗ ಇನ್ನೂ ಜಾಸ್ತಿ. ಸ್ನಾಯು ಕಮ್ಮಿಯಾಗುವುದಕ್ಕಿಂತ ಬೇಗ ಬಲ ಕಮ್ಮಿಯಾಗುತ್ತೆ, ಇದು ನನಗೆ ಹೊಸ ವಿಷಯ. ಯಾಕೆಂದರೆ ಬಲ ಬರೀ ಮಾಂಸದ ಲೆಕ್ಕ ಅಲ್ಲ. ಬೆನ್ನುಹುರಿಯಿಂದ ಸ್ನಾಯುವಿಗೆ ಅಪ್ಪಣೆ ತರುವ ನರಕೋಶಗಳು ವಯಸ್ಸಾದಂತೆ ಒಂದೊಂದಾಗಿ ಸಾಯುತ್ತವೆ. ಅನಾಥವಾದ ಎಳೆಗಳಲ್ಲಿ ಕೆಲವನ್ನು ಪಕ್ಕದ ನರಕೋಶ ದತ್ತು ತೆಗೆದುಕೊಳ್ಳುತ್ತೆ, ಉಳಿದವು ಒಣಗುತ್ತವೆ. ಚುರುಕಾಗಿ, ಜೋರಾಗಿ ಎಳೆಯುವ ಎಳೆಗಳು ಹೆಚ್ಚಾಗಿ ಸೊರಗುತ್ತವೆ. ಎಳೆಗಳ ನಡುವೆ ಕೊಬ್ಬು ಬಂದು ಸೇರುತ್ತೆ. ಕಫ್‌ನ ನಾರುಗಳು ವರ್ಷಾನುಗಟ್ಟಲೆ ಉಜ್ಜಿ, ಬಾವಿ ಹಗ್ಗದ ಹಾಗೆ ಅಲ್ಲಲ್ಲಿ ಎಳೆ ಬಿಡುತ್ತವೆ. ಕಾಲಿನ ಸ್ನಾಯು ಕರಗಿದರೂ ನಾವು ದಿನಾ ನಡೆಯುವುದರಿಂದ ಅದಕ್ಕೆ ಒಂದಿಷ್ಟು ಕೆಲಸ ಸಿಗುತ್ತೆ. ಭುಜಕ್ಕೆ ಆ ಭಾಗ್ಯವೂ ಇಲ್ಲ. ಕೈಯನ್ನು ತಲೆ ಮೇಲೆ ಎತ್ತದೇ ದಿನ ದೂಡಬಹುದು.

ಹಬ್ಬ ಮುಗಿದ ಮೇಲೆ ಒಂದು ರಾತ್ರಿ ಅಮ್ಮ ನಿಜ ಹೇಳಿದಳು. ಎರಡು ವರ್ಷದ ಹಿಂದೆ ಭುಜ ನೋಯುತ್ತೆ ಅಂತ ಒಬ್ಬರು ಡಾಕ್ಟರ್ ಹತ್ತಿರ ಹೋಗಿದ್ದಳಂತೆ. ಅವರು ಐದು ದಿನದ ಮಾತ್ರೆ ಕೊಟ್ಟು, "ವಯಸ್ಸಿಗೆ ಬರೋದೇ ಇದು, ಭಾರ ಎತ್ತಬೇಡಿ, ಕೈ ಮೇಲೆ ಎತ್ತಬೇಡಿ" ಅಂದರಂತೆ. ಎಷ್ಟು ದಿನ ಎತ್ತಬಾರದು ಅಂತ ಅವರು ಹೇಳಲಿಲ್ಲ, ಇವಳು ಕೇಳಲಿಲ್ಲ. ಅಮ್ಮ ಎರಡು ವರ್ಷ ಆ ಮಾತು ಪಾಲಿಸಿದಳು. ಬಿಂದಿಗೆ ಎಡಗೈಗೆ ಬಂತು, ಅಕ್ಕಿ ಮೂಟೆ ಅಪ್ಪನ ಪಾಲಿಗೆ ಹೋಯ್ತು, ಚಪಾತಿ ಲಟ್ಟಿಸೋದು ವಾರಕ್ಕೊಂದು ಸಲ ಆಯ್ತು. ನೋವು ಕಮ್ಮಿಯಾಯ್ತು. ಅದರ ಜೊತೆ ಬಲವೂ ಹೋಯ್ತು. ನೋವಿಲ್ಲ ಅನ್ನುವ ಒಂದೇ ಕಾರಣಕ್ಕೆ ಅವಳು ಯಾರಿಗೂ ಹೇಳಿರಲಿಲ್ಲ.

"ನಂಗ್ಯಾಕೆ ಹೇಳ್ಲಿಲ್ಲ?" ಅಂದೆ.

"ಹೇಳಿದ್ರೆ ನೀನು ಅಲ್ಲಿಂದ ಫೋನಲ್ಲಿ ಬೈತೀಯ. ಆಮೇಲೆ ಆನ್‌ಲೈನಲ್ಲಿ ಏನಾದ್ರೂ ಆರ್ಡರ್ ಮಾಡ್ತೀಯ."

ಮೊಣಕಾಲು ನೋವು ಅಂದಾಗ ಮಸಾಜ್ ಮಶೀನ್ ಕಳಿಸಿದ್ದೆ. ಅದು ಬೀರುವಿನ ಮೇಲೆ, ಈಗ ಯಾರಿಗೂ ಎಟುಕದ ಎತ್ತರದಲ್ಲಿದೆ.

ಮೂಳೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ. ಅಮ್ಮನಿಗೆ ಆರು ವರ್ಷದಿಂದ ಶುಗರ್ ಇದೆ, ಶುಗರ್ ಇರುವವರಿಗೆ ಭುಜ ಬಿಗಿದುಕೊಳ್ಳುವ ಫ್ರೋಜನ್ ಶೋಲ್ಡರ್ ಜಾಸ್ತಿ ಅಂತ ಓದಿಕೊಂಡಿದ್ದೆ. ಅದೇ ಇರಬೇಕು ಅಂತ ನಾನೇ ತೀರ್ಮಾನ ಮಾಡಿಕೊಂಡು ಹೋಗಿದ್ದೆ. ಡಾಕ್ಟರ್ ಒಂದು ನಿಮಿಷದಲ್ಲಿ ಅದನ್ನು ಪಕ್ಕಕ್ಕಿಟ್ಟರು. ಮೊದಲು ಅಮ್ಮನಿಗೆ ಕೈ ಎತ್ತೋಕೆ ಹೇಳಿದರು, ಕಿವಿಯ ಹತ್ತಿರ ನಿಂತಿತು. ಆಮೇಲೆ "ನೀವು ಸಡಿಲ ಬಿಡಿ, ನಾನು ಎತ್ತೀನಿ" ಅಂತ ಅವರೇ ಎತ್ತಿದರು, ಕೈ ಸಲೀಸಾಗಿ ಮೇಲಿನವರೆಗೂ ಹೋಯ್ತು. ಫ್ರೋಜನ್ ಶೋಲ್ಡರ್ ಆಗಿದ್ದರೆ ಯಾರು ಎತ್ತಿದರೂ ಹೋಗುತ್ತಿರಲಿಲ್ಲ, ಕೀಲಿನ ಸುತ್ತಲ ಚೀಲವೇ ಬಿಗಿದಿರುತ್ತೆ. ಬೇರೆಯವರು ಎತ್ತಿದರೆ ಹೋಗುತ್ತೆ, ತಾನೇ ಎತ್ತಿದರೆ ಹೋಗಲ್ಲ ಅಂದರೆ ತೊಂದರೆ ಎಳೆಯುವ ಸ್ನಾಯುವಿನಲ್ಲಿ, ಅದರ ನಾರಿನಲ್ಲಿ ಅಥವಾ ನರದಲ್ಲಿ. ನಮ್ಮ ಮನೆಗಳಲ್ಲಿ ಎಲ್ಲದಕ್ಕೂ "ಭುಜ ಹಿಡ್ಕೊಂಡಿದೆ" ಅಂತ ಒಂದೇ ಮಾತು. ಜಪಾನಿನಲ್ಲಿ ನಡುವಯಸ್ಸಿನ ಭುಜದ ತೊಂದರೆಗೆ ಗೋಜೂಕತ ಅಂತಾರೆ, ಐವತ್ತರ ಭುಜ ಅಂತ ಅರ್ಥ. ಅವರೂ ಸುಮಾರಾಗಿ ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕಿದ್ದಾರೆ ಅನ್ನೋದು ನನಗೆ ಸಮಾಧಾನ.

ಸ್ಕ್ಯಾನ್ ಮಾಡಿಸಿದೆವು. ರಿಪೋರ್ಟಿನಲ್ಲಿ ಒಂದು ನಾರು ಅರ್ಧಂಬರ್ಧ ಹರಿದಿದೆ ಅಂತ ಬಂತು. "ಹರಿದಿದೆ" ಅನ್ನುವ ಪದ ಕೇಳಿದ್ದೇ ಅಮ್ಮ ಕೈಯನ್ನು ಸೆರಗಿನೊಳಗೆ ಎಳೆದುಕೊಂಡು ಕೂತಳು, ಎಲ್ಲಿ ಪೂರ್ತಿ ಕಿತ್ತು ಬರುತ್ತೋ ಅನ್ನುವ ಹಾಗೆ. ನಾನು ರಾತ್ರಿ ಎರಡರವರೆಗೆ ಫೋನ್ ಹಿಡಿದು ಓದಿದೆ. ಮೈಸೂರಿನ ದೊಡ್ಡಮ್ಮ ಫೋನ್ ಮಾಡಿ ಆಪರೇಷನ್ ಅಂದರು, ಪಕ್ಕದ ಮನೆಯವರು ನಾಟಿ ಎಣ್ಣೆ ಅಂದರು.

ಮರುದಿನ ರಿಪೋರ್ಟ್ ನೋಡಿ ಡಾಕ್ಟರ್ ಅಷ್ಟೇನೂ ಗಾಬರಿಯಾಗಲಿಲ್ಲ. ನಾನು ಓದಿದ್ದೂ ಅವರ ಮಾತಿಗೆ ಹೊಂದುತ್ತಿತ್ತು. 1999ರಲ್ಲಿ ಪ್ರಕಟವಾದ ಜರ್ಮನಿಯ ಒಂದು ಅಧ್ಯಯನದಲ್ಲಿ ಐವತ್ತು ದಾಟಿದ, ಭುಜದ ದೂರೇ ಇಲ್ಲದ 411 ಜನರಿಗೆ ಸ್ಕ್ಯಾನ್ ಮಾಡಿದ್ದರು. 23 ಶೇಕಡಾ ಜನರಲ್ಲಿ ಕಫ್ ಹರಿದಿತ್ತು. ಐವತ್ತರ ದಶಕದಲ್ಲಿದ್ದವರಲ್ಲಿ 13 ಶೇಕಡಾ, ಎಂಬತ್ತು ದಾಟಿದವರಲ್ಲಿ 51 ಶೇಕಡಾ. ಅಂದರೆ ಹರಿದ ನಾರು ಇಟ್ಟುಕೊಂಡೇ ಎಷ್ಟೋ ಅಜ್ಜಿ-ತಾತಂದಿರು ದೀಪ ಹಚ್ಚುತ್ತಾ, ಮೊಮ್ಮಕ್ಕಳನ್ನು ಎತ್ತುತ್ತಾ ಇದ್ದಾರೆ. ಸ್ಕ್ಯಾನಿನಲ್ಲಿ ಕಾಣುವ ಹರಿತಕ್ಕೂ ಕೈಯ ಶಕ್ತಿಗೂ ನೇರ ಲೆಕ್ಕ ಇಲ್ಲ. ಉಳಿದ ಸ್ನಾಯುಗಳು ಗಟ್ಟಿ ಇದ್ದರೆ ಒಂದರ ಕೊರತೆಯನ್ನು ಎಷ್ಟೋ ಮಟ್ಟಿಗೆ ತುಂಬುತ್ತವೆ.

ದೊಡ್ಡಮ್ಮ ಹೇಳಿದ್ದು ಭುಜದ ಚಾವಣಿಯ ಮೂಳೆ ಕೆರೆದು ಜಾಗ ಮಾಡುವ ಆಪರೇಷನ್. ಅದನ್ನು ಬ್ರಿಟನ್ನಿನಲ್ಲಿ ಹುಸಿ ಆಪರೇಷನ್ ಜೊತೆ ಹೋಲಿಸಿ ನೋಡಿದ್ದಾರೆ. ಒಂದು ಗುಂಪಿಗೆ ನಿಜವಾಗಿ ಮೂಳೆ ಕೆರೆದು, ಇನ್ನೊಂದು ಗುಂಪಿಗೆ ಒಳಗೆ ಕ್ಯಾಮೆರಾ ಹಾಕಿ ನೋಡಿ ಸುಮ್ಮನೆ ಹೊಲಿದರು. ಎರಡು ಗುಂಪಿನ ಮಧ್ಯೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ, 2018ರ ಲ್ಯಾನ್ಸೆಟ್‌ನಲ್ಲಿ ಬಂತು. ಹಾಗಂತ ಯಾವ ಆಪರೇಷನ್ನೂ ಬೇಡ ಅಂತಲ್ಲ. ಬಿದ್ದು ಏಟಾಗಿ ಇದ್ದಕ್ಕಿದ್ದ ಹಾಗೆ ಕೈ ಎತ್ತೋಕೆ ಆಗದಿದ್ದರೆ ತಡಮಾಡದೇ ಡಾಕ್ಟರ್ ಹತ್ತಿರ ಹೋಗಬೇಕು, ಆಗ ದಿನಗಳು ಮುಖ್ಯ. ಭುಜನೋವಿನ ಜೊತೆ ಎದೆ ಭಾರ, ಬೆವರು, ಉಸಿರುಕಟ್ಟುವುದು ಇದ್ದರೆ ಅದು ಭುಜದ್ದೇ ಅಲ್ಲದಿರಬಹುದು, ನೇರ ತುರ್ತು ಚಿಕಿತ್ಸೆಗೆ ಓಡಿ. ಅಮ್ಮನದು ಎರಡೂ ಅಲ್ಲ. ಅವಳಿಗೆ ಡಾಕ್ಟರ್ ಬರೆದುಕೊಟ್ಟಿದ್ದು ಫಿಸಿಯೋಥೆರಪಿ, ಕಮ್ಮಿ ಅಂದರೆ ಮೂರು ತಿಂಗಳು.

ಫಿಸಿಯೋ ಮೇಡಮ್ ನನ್ನದೇ ವಯಸ್ಸಿನವರು. ಬಂದವರೇ "ಆಂಟಿ, ಇಷ್ಟು ದಿನ ರೆಸ್ಟ್ ಮಾಡಿದ್ದು ಸಾಕು" ಅಂದರು. ಅಮ್ಮನಿಗೆ ಯಾರೋ ಬೈದ ಹಾಗಾಯ್ತು. ಜೀವಮಾನದಲ್ಲಿ ಒಂದು ಸಲ ರೆಸ್ಟ್ ತೆಗೆದುಕೊಂಡಿದ್ದಕ್ಕೆ ಈ ಮಾತು ಕೇಳಬೇಕಾಯ್ತಲ್ಲ ಅಂತ ಆಮೇಲೆ ಬೇಜಾರು ಮಾಡಿಕೊಂಡಳು.

ಮೊದಲ ವಾರಗಳಲ್ಲಿ ಮಾಡಿಸಿದ್ದು ನೋಡಿದರೆ ನಗು ಬರುವಂಥದ್ದು. ಮೇಜು ಹಿಡಿದು ಬಗ್ಗಿ, ನೋಯುವ ಕೈಯನ್ನು ಗಡಿಯಾರದ ಲೋಲಕದ ಹಾಗೆ ತೂಗಬಿಡೋದು. ಇದನ್ನು ಬಾಸ್ಟನ್ನಿನ ಕಾಡ್‌ಮನ್ ಅನ್ನುವ ಸರ್ಜನ್ ಹೆಸರಿನಲ್ಲಿ ಇವತ್ತಿಗೂ ಕರೆಯುತ್ತಾರೆ. 1934ರಲ್ಲಿ ಭುಜದ ಬಗ್ಗೆಯೇ ಇಡೀ ಪುಸ್ತಕ ಬರೆದ ಮಹಾನುಭಾವ, ಫ್ರೋಜನ್ ಶೋಲ್ಡರ್ ಅನ್ನುವ ಹೆಸರೂ ಅವರದೇ. ಆಮೇಲೆ ಗೋಡೆಯ ಮೇಲೆ ಬೆರಳುಗಳಲ್ಲಿ ಮೇಲಕ್ಕೆ ನಡೆಯೋದು. ಮೊಣಕೈ ಪಕ್ಕೆಗೆ ಅಂಟಿಸಿಕೊಂಡು ರಬ್ಬರ್ ಪಟ್ಟಿಯನ್ನು ಹೊರಗೆ ಎಳೆಯೋದು, ಇದು ಕಫ್‌ಗೆ. ಎರಡೂ ಹಲಗೆಗಳನ್ನು ಹಿಂದೆ ಒಂದಕ್ಕೊಂದು ಹತ್ತಿರ ತರೋದು, ಇದು ಬೆನ್ನಿಗೆ. ಆರನೇ ವಾರದಿಂದ ಅರ್ಧ ಲೀಟರ್ ನೀರಿನ ಬಾಟಲಿ. ಇದು ಅಮ್ಮನಿಗೆ ಅವರು ನೋಡಿ ಕೊಟ್ಟಿದ್ದು, ನಿಮ್ಮ ಅಮ್ಮನಿಗೆ ಏನು ಅಂತ ಅವರನ್ನು ನೋಡಿದವರೇ ಹೇಳಬೇಕು.

ಒಂದು ದಿನ ನಾನೂ ಪಕ್ಕದಲ್ಲಿ ನಿಂತು ರಬ್ಬರ್ ಪಟ್ಟಿ ಎಳೆದೆ. ಹನ್ನೆರಡನೇ ಸಲಕ್ಕೆ ನನ್ನ ಕೈ ನಡುಗತೊಡಗಿತು. ಅಮ್ಮ ಹಬ್ಬದ ನಂತರ ಮೊದಲ ಸಲ ಬಾಯಿತುಂಬ ನಕ್ಕಳು. ಬೆಂಗಳೂರಿಗೆ ವಾಪಸ್ ಬಂದ ಮೇಲೆ ಒಂದು ದಿನ, ನನ್ನ ಕೈ ತಲೆಗಿಂತ ಮೇಲೆ ಎಷ್ಟು ಸಲ ಹೋಗುತ್ತೆ ಅಂತ ಎಣಿಸಿದೆ. ಟೀಶರ್ಟ್ ಹಾಕುವಾಗ ಒಂದು, ಶಾಂಪೂ ಒಂದು, ಮೆಟ್ರೋದಲ್ಲಿ ಹಿಡಿಕೆ ಹಿಡಿದಿದ್ದು ಎರಡು, ಮೀಟಿಂಗಿನಲ್ಲಿ ಆಕಳಿಸಿ ಮೈಮುರಿದಿದ್ದು ಒಂದು. ಒಟ್ಟು ಐದು. ಉಳಿದ ಒಂಬತ್ತು ಗಂಟೆ ಕೈ ಮೌಸಿನ ಮೇಲೆ.

ಇಲ್ಲಿ ಅಜ್ಜಿಯ ಕಾಲವೇ ಚೆನ್ನಾಗಿತ್ತು ಅಂತ ಹೇಳೋದು ಸುಲಭ. ನಮ್ಮಜ್ಜಿ ದಿನಾ ಇಪ್ಪತ್ತು ಕೊಡ ನೀರು ಸೇದುತ್ತಿದ್ದರು. ರಾಟೆಯ ಹಗ್ಗವನ್ನು ಮೇಲಿನಿಂದ ಕೆಳಕ್ಕೆ ಎಳೆಯುವುದಕ್ಕಿಂತ ಒಳ್ಳೇ ಬೆನ್ನು-ಭುಜದ ವ್ಯಾಯಾಮವನ್ನು ಯಾವ ಜಿಮ್ಮೂ ಕಂಡುಹಿಡಿದಿಲ್ಲ. ಆದರೆ ನನಗೆ ನೆನಪಿರುವ ಅಜ್ಜಿ, ಕೊನೆಯ ಹತ್ತು ವರ್ಷ, ಜಗಲಿಯ ಮೂಲೆಯಲ್ಲಿ ಕೂತು ಸೊಸೆಯಂದಿರ ಕೈಯಲ್ಲಿ ತಲೆ ಬಾಚಿಸಿಕೊಳ್ಳುತ್ತಿದ್ದ ಅಜ್ಜಿ. ಅದನ್ನು ನಾವು ಸೊಸೆಯರ ಸೇವೆ ಅಂತ ಅಂದುಕೊಂಡಿದ್ದೆವು. ಅಜ್ಜಿಯ ಕೈ ಮೇಲೆ ಏಳುತ್ತಿತ್ತೋ ಇಲ್ಲವೋ ನಮಗೆ ಯಾರಿಗೂ ಗೊತ್ತಿಲ್ಲ. ದುಡಿಮೆ ಸ್ನಾಯು ಕಟ್ಟುತ್ತೆ, ನಾರನ್ನು ಸವೆಸಲೂ ಸವೆಸುತ್ತೆ. ಅಳತೆ ನೋಡಿ ಹೆಚ್ಚಿಸಿದ ಭಾರಕ್ಕೂ, ವಿಧಿಯಿಲ್ಲದೇ ಹೊತ್ತ ಭಾರಕ್ಕೂ ವ್ಯತ್ಯಾಸ ಇದೆ.

ಅರವತ್ತೆರಡರಲ್ಲಿ ಸ್ನಾಯು ಬೆಳೆಯುತ್ತಾ ಅಂತ ಅಪ್ಪ ಕೇಳಿದರು, ಸ್ವಲ್ಪ ವ್ಯಂಗ್ಯವಾಗಿಯೇ. 1990ರಲ್ಲಿ ಬಾಸ್ಟನ್ನಿನ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ತೊಂಬತ್ತರ ಆಸುಪಾಸಿನ ಹತ್ತು ಜನರಿಗೆ ಎಂಟು ವಾರ ಕಾಲಿಗೆ ಭಾರದ ವ್ಯಾಯಾಮ ಮಾಡಿಸಿದರು. ಪೂರ್ತಿ ಮುಗಿಸಿದ ಒಂಬತ್ತು ಜನರ ತೊಡೆಯ ಬಲ ಸರಾಸರಿ 174 ಶೇಕಡಾ ಹೆಚ್ಚಿತ್ತು. ಅದು ಕಾಲು, ಭುಜ ಅಲ್ಲ, ನಿಜ. ಆದರೆ ತೊಂಬತ್ತರ ಸ್ನಾಯುವಿಗೂ ಕೆಲಸ ಕೊಟ್ಟರೆ ಕೇಳುತ್ತೆ ಅಂತಾಯ್ತಲ್ಲ. ಅಪ್ಪ ಪೇಪರ್ ಮಡಿಸಿಟ್ಟು, "ಹಂಗಾದ್ರೆ ನಂಗೂ ಒಂದು ಬಾಟಲ್ ಕೊಡು" ಅಂದರು.

ಊಟದ್ದೂ ಸ್ವಲ್ಪ ಬದಲಾಯ್ತು. ಆರೋಗ್ಯವಾಗಿರುವ ಹಿರಿಯರಿಗೆ ದೇಹದ ತೂಕದ ಪ್ರತಿ ಕೆಜಿಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು ಅಂತ ಹಲವು ತಜ್ಞರು ಹೇಳ್ತಾರೆ. ಎಲ್ಲರಿಗೂ ಬಡಿಸಿ ಕೊನೆಗೆ ತಿಳಿಸಾರು-ಅನ್ನ-ಉಪ್ಪಿನಕಾಯಿಯಲ್ಲಿ ಮುಗಿಸುವ ಅಮ್ಮನ ತಟ್ಟೆಯಲ್ಲಿ ಅದು ಎಲ್ಲಿಂದ ಬರಬೇಕು? ಡಾಕ್ಟರ್ ಹತ್ತಿರ ಕೇಳಿ, ಅವಳ ಕಿಡ್ನಿ ಸರಿಯಿದೆ ಅಂತ ನೋಡಿಕೊಂಡು, ಬೆಳಗ್ಗೆ ಹೆಸರುಕಾಳಿನ ಉಸಲಿ, ಮಧ್ಯಾಹ್ನ ಗಟ್ಟಿ ಮೊಸರು, ವಾರಕ್ಕೆ ಎರಡು ಸಲ ಹುರುಳಿ ಬಸ್ಸಾರು ಅಂತಾಯ್ತು. ಬಸ್ಸಾರಿನಲ್ಲಿ ಕಟ್ಟು ಎಲ್ಲರಿಗೆ, ಕಾಳು ಅಮ್ಮನಿಗೆ ಜಾಸ್ತಿ, ಇದು ಅಪ್ಪನ ಕಾನೂನು.

ಗೋಡೆಯ ಮೇಲೆ ಬೆರಳು ನಡೆಸುವಾಗ ಎಷ್ಟು ಎತ್ತರ ಹೋಯಿತು ಅಂತ ಗುರುತು ಹಾಕಿ ಅಂದಿದ್ದರು ಮೇಡಮ್. ಪೆನ್ಸಿಲ್ ಹುಡುಕುವ ತಾಪತ್ರಯ ಯಾಕೆ ಅಂತ ಅಮ್ಮ ಹಣೆಯ ಸ್ಟಿಕ್ಕರ್ ಬೊಟ್ಟು ತೆಗೆದು ಅಲ್ಲೇ ಅಂಟಿಸಿದಳು. ಪ್ರತಿ ಭಾನುವಾರ ಒಂದು. ಈಗ ಅಡುಗೆಮನೆ ಬಾಗಿಲ ಪಕ್ಕದ ಗೋಡೆಯಲ್ಲಿ ಮೆರೂನ್ ಬೊಟ್ಟುಗಳ ಸಾಲು ಮೇಲಕ್ಕೆ ಹೋಗಿದೆ. ನೇರವಾಗಿ ಅಲ್ಲ. ಮೊದಲ ಮೂರು ವಾರ ಒಂದರ ಮೇಲೊಂದು, ಅಲ್ಲೇ. ಜನವರಿಯಲ್ಲಿ ಒಂದು ಬೊಟ್ಟು ಹಿಂದಿನದಕ್ಕಿಂತ ಕೆಳಗಿದೆ, ಅದು ಚಿಕ್ಕಪ್ಪನ ಮಗಳ ಮದುವೆಯಲ್ಲಿ ಓಡಾಡಿ ಎರಡು ವಾರ ವ್ಯಾಯಾಮ ಬಿಟ್ಟಿದ್ದು. ಆ ದಿನ ಫೋನಿನಲ್ಲಿ "ಎಲ್ಲಾ ಹೋಯ್ತು, ಇನ್ನು ಆಗಲ್ಲ ಬಿಡು" ಅಂದಳು. ನಾನು ಸ್ಟ್ಯಾಂಡಪ್ ಮೀಟಿಂಗ್ ಬಿಟ್ಟು ಹೊರಗೆ ಬಂದು ಮಾತಾಡಿದೆ. ಏನು ಹೇಳಿದೆನೋ ನೆನಪಿಲ್ಲ. ಮುಂದಿನ ಭಾನುವಾರ ಮತ್ತೆ ಒಂದು ಬೊಟ್ಟು ಬಿತ್ತು.

ಬಟ್ಟೆಯ ತಂತಿ ನೋಡಿದಾಗ ಮೇಡಮ್ ಹೇಳಿದ್ದು ನನಗೆ ತುಂಬಾ ಇಷ್ಟವಾಯ್ತು. "ಅಂಕಲ್, ತಂತಿ ಇಳಿಸಿದ್ದು ಒಳ್ಳೇದೇ ಆಯ್ತು. ಇನ್ನು ಹದಿನೈದು ದಿನಕ್ಕೆ ಎರಡು ಬೆರಳು ಏರಿಸ್ತಾ ಬನ್ನಿ." ಅಪ್ಪ ಟೇಪು ತಂದು, ಕಂಬಕ್ಕೆ ಗುರುತು ಹಾಕಿ, ಬ್ಯಾಂಕಿನಲ್ಲಿ ಲೆಡ್ಜರ್ ಬರೆದ ಶಿಸ್ತಿನಲ್ಲೇ ಏರಿಸಿದರು. ನಡುವೆ ಒಂದು ಸಲ ಅಮ್ಮನಿಗೆ ಹೇಳದೇ ಮೂರು ಬೆರಳು ಏರಿಸಿ ಬೈಸಿಕೊಂಡರು.

ಈಗ ಜೂನ್. ತಂತಿ ಹಳೇ ಜಾಗಕ್ಕೆ ಇನ್ನೂ ನಾಲ್ಕು ಬೆರಳು ಬಾಕಿ ಇದೆ. ಅಮ್ಮ ತನ್ನ ಕೂದಲಿಗೆ ತಾನೇ ಕ್ಲಿಪ್ ಹಾಕಿಕೊಳ್ಳುತ್ತಾಳೆ, ಹೂವು ಮುಡಿಯುತ್ತಾಳೆ. ಕನ್ನಡಿ ಮುಂದೆ ಹೆಗಲು ಕಿವಿಯ ಕಡೆ ಹೋಗುವುದು ಕಮ್ಮಿಯಾಗಿದೆ, ಸುಸ್ತಾದ ಸಂಜೆ ಇನ್ನೂ ಹೋಗುತ್ತೆ. ಸಾರಿನ ಪುಡಿ ಡಬ್ಬ ಮೇಲಿನ ಶೆಲ್ಫಿಗೆ ಹೋಗಿದೆ, ದೊಡ್ಡ ಕುಕ್ಕರ್ ನೆಲದಲ್ಲೇ ಇದೆ, ಅದು ಅಲ್ಲೇ ಇರಲಿ ಅಂತ ಡಾಕ್ಟರೂ ಹೇಳಿದ್ದಾರೆ. ಜಡೆ ಮತ್ತೆ ಬೆಳೆಸ್ತೀಯಾ ಅಂದರೆ, "ಬೇಡ, ಇದೇ ಆರಾಮ, ನೀನೇ ಹೇಳಿದ್ಯಲ್ಲ ಚಿಕ್ಕೋಳ ಹಾಗೆ ಕಾಣ್ತೀನಿ ಅಂತ" ಅನ್ನುತ್ತಾಳೆ.

ಮೊನ್ನೆ ರಾತ್ರಿ ಫೋನ್ ಮಾಡಿದಾಗ ನಾನೇ ಕೇಳಿದೆ, ಈ ಸಲ ಗೊಂಬೆಗೆ ಎಷ್ಟು ಮೆಟ್ಟಿಲು ಅಂತ. ಅಮ್ಮ ಸ್ವಲ್ಪ ಹೊತ್ತು ಲೆಕ್ಕ ಹಾಕಿದಳು.

"ಏಳು. ಐದರ ತನಕ ನಾನು ಜೋಡಿಸ್ತೀನಿ. ಮೇಲಿನ ಎರಡು ಮೆಟ್ಟಿಲು, ಪಟ್ಟದ ಗೊಂಬೆ ಎಲ್ಲಾ ನೀನು ಬಂದು ಕೂರಿಸ್ಬೇಕು. ಹಬ್ಬದ ದಿನ ಬರೋದಲ್ಲ, ಮುಂಚೆನೇ ಬಾ. ರಜ ಈಗ್ಲೇ ಹಾಕಿಡು."